ಸುಣ್ಣಗಲ್ಲಿನ ನೆಲಕ್ಕೆ ಒಗ್ಗುವ ಹೂಗಿಡಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಊರುಗಳ ಮನೆಯಂಗಳಗಳಲ್ಲಿ ಇಂತಹದೊಂದು ಸಂಗತಿ ನಡೆಯುವುದುಂಟು. ಕೆಂಪು ಗೊಂಚಲುಗಳಿಂದ ತುಂಬಿದ ಕೇಪಳದ ಗಿಡವನ್ನು, ಎಂದರೆ ಸಸಿ ಮಾರುವವರು ಇಕ್ಸೋರ ಎಂದು ಕರೆಯುವ ಗಿಡವನ್ನು, ಆಸೆಪಟ್ಟು ತಂದು ನೆಡುತ್ತಾರೆ. ಕೆಲವು ತಿಂಗಳಲ್ಲಿ ಅದರ ಎಳೆಯ ಎಲೆಗಳು ಹಳದಿಗೆ ತಿರುಗುತ್ತವೆ. ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನೀರು ಸಾಲದೆಂದು ಬಗೆದು ಇನ್ನೆರಡು ಕೊಡ ಸುರಿದರೆ ಗಿಡ ಮತ್ತಷ್ಟು ಸೊರಗುತ್ತದೆ. ಕೊನೆಗೆ ತಮ್ಮ ಕೈಗುಣವೇ ಸರಿಯಿಲ್ಲವೆಂದು ಮನೆಯವರು ನೊಂದುಕೊಳ್ಳುತ್ತಾರೆ. ಬೇಸಗೆಯಲ್ಲಿ ಒಂದೊಂದು ಕೊಡ ನೀರಿಗೂ ಬೆಲೆಯಿರುವ ಈ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. ದೋಷವು ಕೈಯದೋ ಮಣ್ಣಿನದೋ ಎಂಬುದನ್ನು ನಾವು ವಿಚಾರಿಸಿ ನೋಡೋಣ.

ಶಹಾಬಾದ ಕಲ್ಲೆಂದು ದೂರದೂರದ ಮನೆಗಳ ನೆಲಕ್ಕೂ ಹಾಸುವ ಕಲ್ಲು ಸುಣ್ಣಗಲ್ಲೇ ಆಗಿದೆ. ವಾಡಿ, ಸೇಡಂಗಳಲ್ಲಿ ಸಿಮೆಂಟು ಕಾರ್ಖಾನೆಗಳು ನೆಲೆಗೊಂಡುದೂ ಈ ಕಲ್ಲಿನ ದೆಸೆಯಿಂದಲೇ. ಇದರ ಮುಖ್ಯಾಂಶ ಕ್ಯಾಲ್ಸಿಯಂ ಕಾರ್ಬೊನೇಟು. ಅದು ಬೆರೆತ ಮಣ್ಣು ಕ್ಷಾರಗುಣವುಳ್ಳದ್ದು. ಅದರ ಪಿಎಚ್ ಬೆಲೆ ಸುಮಾರು 8 ಇರುತ್ತದೆ. ಅಂತಹ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ. ಕರಗದುದು ಬೇರಿಗೆ ದಕ್ಕದು. ಕಬ್ಬಿಣ ದೊರೆಯದ ಎಲೆ ಪತ್ರಹರಿತ್ತನ್ನು ಸಾಕಷ್ಟು ತಯಾರಿಸಲಾರದು. ಕರಾವಳಿಯ ಗುಡ್ಡಗಳ ಆಮ್ಲಗುಣದ ಮಣ್ಣಿನಲ್ಲಿ ಕೇಪಳವು ತಾನಾಗಿಯೇ ಬೆಳೆಯುತ್ತದೆ. ಇಲ್ಲಿ ಅದು ಹಸಿದಿರುವುದು ಕಬ್ಬಿಣಕ್ಕಾಗಿ, ನೀರಿಗಾಗಿ ಅಲ್ಲ. ನೀರು ಮಿತಿಮೀರಿದರಂತೂ ಕಪ್ಪು ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿಗೆ ಎಡೆಯಿಲ್ಲದೆ ಬೇರು ಉಸಿರುಗಟ್ಟುತ್ತದೆ.

ಆದುದರಿಂದ ಗಿಡ ಕೊಳ್ಳುವ ಮೊದಲು ಮಣ್ಣನ್ನು ಪರೀಕ್ಷಿಸಬೇಕು. ಗಾಜಿನ ಬಟ್ಟಲಲ್ಲಿ ಒಂದು ಚಮಚ ಮಣ್ಣು ಹಾಕಿ ನೀರಿನಿಂದ ನೆನೆಸಿರಿ. ಒಣ ಮಣ್ಣಿನೊಳಗಿನ ಗಾಳಿ ಮೊದಲೇ ಹೊರಬೀಳಲಿ; ಇಲ್ಲವಾದರೆ ಆ ಗುಳ್ಳೆಗಳೇ ನಮ್ಮನ್ನು ಮೋಸಗೊಳಿಸಾವು. ಅನಂತರ ನಿಂಬೆರಸದ ಕೆಲವು ಹನಿಗಳನ್ನು ಬಿಡಿರಿ. ಗುಳ್ಳೆಗಳೆದ್ದು ನೊರೆಗಟ್ಟಿದರೆ ಅದು ಸುಣ್ಣದಿಂದ ಹೊರಟ ಇಂಗಾಲದ ಡೈಆಕ್ಸೈಡು. ಅಂತಹ ನೆಲದಲ್ಲಿ ಕೇಪಳ, ಗಂಧರಾಜಗಳ ಆಸೆಯನ್ನು ಬಿಡುವುದೇ ಲೇಸು. ಚಿಂಚೋಳಿ ತಾಲ್ಲೂಕಿನ ಕೆಲವೆಡೆ ಕೆಂಪು ಜಂಬಿಟ್ಟಿಗೆ ಮಣ್ಣುಂಟು. ನೊರೆ ಬಾರದಿದ್ದಲ್ಲಿ ಅವನ್ನು ಪ್ರಯತ್ನಿಸಿ ನೋಡಬಹುದು.

ಎರಡನೆಯ ಪ್ರಶ್ನೆ ಬಿಸಿಲಿನದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಉಷ್ಣವನ್ನು ಹೀರಿಕೊಳ್ಳುತ್ತದೆ. ಎಲೆಯು ನೀರನ್ನು ಆವಿಯಾಗಿಸಿ ತನ್ನನ್ನು ತಂಪಾಗಿರಿಸಿಕೊಳ್ಳುವುದು ಹೀಗೆಯೇ. ಈ ವೆಚ್ಚದಲ್ಲಿ ಮಿತವ್ಯಯವನ್ನು ಬಲ್ಲ ಗಿಡಗಳೇ ನಮಗೆ ಬೇಕು.

ಉದಾಹರಣೆಗೆ ಕಣಗಿಲೆ. ಅದರ ಎಲೆ ಕಿರಿದು, ದಪ್ಪ; ಪತ್ರರಂಧ್ರಗಳು ಎಲೆಯ ಕೆಳಮೈಯಲ್ಲಿ ರೋಮಗಳಿಂದ ತುಂಬಿದ ಚಿಕ್ಕ ಕುಳಿಗಳೊಳಗೆ ಅಡಗಿವೆ. ಬಿಸಿಗಾಳಿ ನೇರವಾಗಿ ತಾಕದ ಕಾರಣ ನೀರಿನ ನಷ್ಟ ಕಡಿಮೆ. ಆದರೆ ಕಣಗಿಲೆಯ ಎಲ್ಲ ಭಾಗಗಳೂ ವಿಷ. ಹೃದಯದ ಬಡಿತವನ್ನೇ ಕೆಡಿಸಬಲ್ಲವು. ಮಕ್ಕಳೂ ದನಕರುಗಳೂ ಇರುವ ಮನೆಯಲ್ಲಿ ಅದನ್ನು ನೆಡಬಾರದು. ಕತ್ತರಿಸಿದ ಕೊಂಬೆಗಳನ್ನು ಎಲ್ಲಿಯೂ ಮೇವಿಗೆ ಬೆರೆಸಕೂಡದು.

ಕಾಗದದ ಹೂವೆನಿಸಿದ ಬೋಗನ್‌ವಿಲ್ಲ ಬ್ರೆಜಿಲಿನಿಂದ ಬಂದುದು. ಅದರಲ್ಲಿ ಬಣ್ಣಗಟ್ಟಿರುವುದು ಹೂವಲ್ಲ, ಹೂವನ್ನು ಸುತ್ತಿದ ಎಲೆಗಳು. ಬೇರೂರಿದ ಮೇಲೆ ನೀರನ್ನು ಸ್ವಲ್ಪ ಬಿಗಿಹಿಡಿದಷ್ಟೂ ಅದು ಚೆನ್ನಾಗಿ ಹೂಬಿಡುತ್ತದೆ. ದೇವಕಣಗಿಲೆಯು ಬರದ ದಿನಗಳಲ್ಲಿ ಎಲೆಯುದುರಿಸಿ, ದಪ್ಪ ಕೊಂಬೆಗಳಲ್ಲಿ ನೀರನ್ನು ಕಾದಿರಿಸಿಕೊಳ್ಳುತ್ತದೆ. ಮಡಗಾಸ್ಕರ ಮೂಲದ ನಿತ್ಯಪುಷ್ಪವು ವರ್ಷದ ಬಹುಭಾಗ ಹೂಬಿಡುತ್ತದೆ. ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಅದನ್ನೂ ತಿನ್ನಬಾರದು. ಮಲ್ಲಿಗೆಯಿಲ್ಲದ ಅಂಗಳ ಬೇಡವೆನ್ನುವವರು ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಹರಿಯುವೆಡೆಯಲ್ಲಿ ಕೊಟ್ಟಿಗೆಗೊಬ್ಬರ ಹಾಕಿ ಒಂದು ದುಂಡುಮಲ್ಲಿಗೆಯನ್ನು ನೆಡಬಹುದು.

ನೆಡುವ ಕಾಲ ಮುಂಗಾರು. ಜೂನ್, ಜುಲೈಗಳಲ್ಲಿ ನೆಟ್ಟರೆ ಬೇಸಗೆಗೆ ಮುನ್ನ ಬೇರು ಆಳಕ್ಕಿಳಿಯಲು ಅವಕಾಶ ಸಿಗುತ್ತದೆ. ಕಪ್ಪು ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು ಬೇರುಗಳನ್ನು ಹರಿಯುವುದರಿಂದ ಒಂದಡಿ ಎತ್ತರದ ಮಡಿಯಲ್ಲಿ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಬೇಕು. ಹಗಲು ಕಾದ ಹಾಸುಗಲ್ಲು ರಾತ್ರಿಯೂ ಶಾಖ ಬೀರುತ್ತದೆ. ಅದರಿಂದ ಎರಡು ಮೂರು ಅಡಿ ದೂರವಿರಲಿ. ಬುಡದ ಬಳಿ ಮಣ್ಣಿನ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿದರೆ, ಸುತ್ತಲಿನ ಮಣ್ಣು ಒಣಗಿದಂತೆಲ್ಲ ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗುತ್ತದೆ.

ಇಷ್ಟನ್ನು ತಿಳಿದು ಆರಿಸಿಕೊಂಡವರ ಅಂಗಳದಲ್ಲಿ ಮೇ ತಿಂಗಳಿನಲ್ಲಿಯೂ ಹೂವಿದ್ದೀತು. ಕೈಗುಣವನ್ನು ಹಳಿಯುವ ಮೊದಲು ಒಂದು ನಿಂಬೆಹಣ್ಣನ್ನು ಹಿಂಡಿ ನೋಡಬೇಕೆಂಬುದೇ ವಾಚಕರಲ್ಲಿ ನಮ್ಮ ಬಿನ್ನಹ.