ಒಂದನೇ ತರಗತಿಗೆ ಮಗುವನ್ನು ಅಣಿಗೊಳಿಸುವುದು: ಹಂತ ಹಂತವಾಗಿ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಪ್ಪ ಅಮ್ಮಂದಿರು ಯೂನಿಫಾರ್ಮ್, ಶೂ, ಬ್ಯಾಗು, ಬೈಂಡ್ ಹಾಕಿದ ಪುಸ್ತಕ ಎಲ್ಲವನ್ನೂ ಹೊಂದಿಸಿಟ್ಟಿರುತ್ತಾರೆ. ಅಆಇಈ, ಒಂದರಿಂದ ನೂರರವರೆಗೆ ಅಂಕಿ ಎಲ್ಲ ಬಾಯಿಪಾಠ ಮಾಡಿಸಿರುತ್ತಾರೆ. ಒಂದನೇ ತರಗತಿಯ ಮೊದಲ ತಿಂಗಳು ಮಗುವನ್ನು ಕಾಡುವ ಸಂಗತಿಗಳೇ ಬೇರೆ. ನಿದ್ದೆ ಸಾಲದೆ ಎರಡನೇ ಪೀರಿಯಡ್‌ಗೇ ತೂಕಡಿಕೆ, ತೆಗೆಯಲಾಗದ ಡಬ್ಬಿಯ ಮುಚ್ಚಳ, ಬಿಚ್ಚಲು ಬಾರದ ಚಡ್ಡಿಯ ಹುಕ್ಕು, ಕೇಳಲು ನಾಚಿಕೆಯಾಗಿ ತಡೆದುಕೊಂಡ ಮೂತ್ರ. ಚಿಕ್ಕ ಮಕ್ಕಳ ತರಗತಿಯಲ್ಲಿ ದಿನ ಕಳೆಯುವ ನನ್ನಂಥವರಿಗೆ ಇದು ಪ್ರತಿ ಜೂನ್‌ನಲ್ಲೂ ಕಣ್ಣೆದುರಿಗೆ ಕಾಣುತ್ತದೆ. ಅಕ್ಷರ ಕಲಿಸಲು ನಾವಿದ್ದೇವೆ. ಇವುಗಳನ್ನು ಮಾತ್ರ ಮನೆಯಲ್ಲೇ ರೂಢಿ ಮಾಡಿಸಬೇಕು. ಶಾಲೆ ಶುರುವಾಗುವುದಕ್ಕೆ ಎರಡು ಮೂರು ವಾರ ಮೊದಲು ಆರಂಭಿಸಿದರೆ ಅವಸರವಿಲ್ಲದೆ ಆಗುತ್ತದೆ. ಆಗಲೇ ಶಾಲೆ ಶುರುವಾಗಿದ್ದರೂ ಚಿಂತೆಯಿಲ್ಲ, ವಾರಕ್ಕೊಂದರಂತೆ ಹಿಡಿಯಿರಿ.

ಹಂತ 1: ಏಳುವ ಹೊತ್ತನ್ನು ಮೊದಲು ಸರಿಮಾಡಿ

ಆರು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಶಾಲಾ ವ್ಯಾನು ಎಂಟಕ್ಕೆ ಬರುವುದಾದರೆ ಆರೂವರೆಗೆ ಏಳಬೇಕು, ಅಂದರೆ ರಾತ್ರಿ ಎಂಟೂವರೆ, ತಡವೆಂದರೆ ಒಂಬತ್ತಕ್ಕೆ ಮಲಗಿರಬೇಕು. ರಜೆಯಲ್ಲಿ ಅಜ್ಜಿ ಮನೆ, ಮದುವೆ ಮನೆ ಎಂದು ಹನ್ನೊಂದರವರೆಗೆ ಎಚ್ಚರವಿದ್ದ ಮಗುವನ್ನು ಒಂದೇ ರಾತ್ರಿಗೆ ಒಂಬತ್ತಕ್ಕೆ ಮಲಗಿಸಲು ಹೋದರೆ ಹಾಸಿಗೆಯಲ್ಲಿ ಹೊರಳಾಡುತ್ತದೆ, ನಿಮಗೂ ಸಿಟ್ಟು ಬರುತ್ತದೆ.

ಆದ್ದರಿಂದ ಮಲಗುವ ಹೊತ್ತಿನ ಗೊಡವೆಗೆ ಮೊದಲು ಹೋಗಬೇಡಿ. ಬೆಳಿಗ್ಗೆ ಏಳುವುದನ್ನು ಎರಡು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಎಬ್ಬಿಸಿದ ಕೂಡಲೇ ಕಿಟಕಿ ತೆರೆಯಿರಿ, ಇಲ್ಲವೇ ಅಂಗಳಕ್ಕೆ, ತಾರಸಿಗೆ ಕರೆದುಕೊಂಡು ಹೋಗಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಬೇಗ ಹೊಂದಿಕೊಳ್ಳುತ್ತದೆ, ಆ ರಾತ್ರಿ ನಿದ್ದೆಯೂ ಬೇಗ ಹತ್ತುತ್ತದೆ. ಭಾನುವಾರವೂ ಇದೇ ಹೊತ್ತು ಇರಲಿ. ಅರ್ಧ ಗಂಟೆ ಹೆಚ್ಚು ಮಲಗಿದರೆ ಅಡ್ಡಿಯಿಲ್ಲ, ಎರಡು ಗಂಟೆ ಮಲಗಿಸಿದರೆ ಸೋಮವಾರ ಮತ್ತೆ ಮೊದಲಿಂದ ಶುರು.

ರಾತ್ರಿ ಊಟ ಏಳೂವರೆಯೊಳಗೆ ಮುಗಿಯಲಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಟಿವಿ, ಮೊಬೈಲು ಎರಡೂ ಬಂದ್. ಅಪ್ಪ ಕೆಲಸ ಮುಗಿಸಿ ಬರುವುದೇ ಒಂಬತ್ತಕ್ಕೆ, ಅವರನ್ನು ನೋಡದೆ ಮಗು ಮಲಗುವುದಿಲ್ಲ ಎನ್ನುವ ಮನೆಗಳು ಬಹಳ. ಅಂಥ ಮನೆಯಲ್ಲಿ ಬೆಳಗಿನ ಅರ್ಧ ಗಂಟೆಯನ್ನು ಅಪ್ಪನಿಗೆ ಬಿಟ್ಟುಕೊಡಿ. ಹಲ್ಲುಜ್ಜಿಸುವುದು, ತಲೆ ಬಾಚುವುದು, ಶೂ ಹಾಕಿಸುವುದು ಅವರ ಪಾಲಿಗಿರಲಿ. ರಾತ್ರಿಯ ಭೇಟಿಗೆ ಬದಲಾಗಿ ಬೆಳಗಿನ ಭೇಟಿ ಸಿಕ್ಕರೆ ಮಗು ಒಪ್ಪಿಕೊಳ್ಳುತ್ತದೆ.

ಹಂತ 2: ರಾತ್ರಿಯೇ ಬ್ಯಾಗು ತುಂಬಿ, ಒಮ್ಮೆ ತೂಕ ಹಾಕಿ

ಬ್ಯಾಗು, ಯೂನಿಫಾರ್ಮ್, ಸಾಕ್ಸು, ಕರ್ಚೀಫು, ಐಡಿ ಕಾರ್ಡು ಎಲ್ಲ ರಾತ್ರಿಯೇ ಒಂದೇ ಜಾಗದಲ್ಲಿರಲಿ. ಜೋಡಿಸುವಾಗ ಮಗುವೂ ಜೊತೆಗಿರಲಿ, ಯಾವ ಪುಸ್ತಕ ಯಾವ ಖಾನೆಯಲ್ಲಿದೆ ಎಂಬುದು ಅದಕ್ಕೆ ಗೊತ್ತಿರಬೇಕು.

ಇನ್ನು ತೂಕದ ವಿಷಯ. 2019ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಹೊರಡಿಸಿದ ಸುತ್ತೋಲೆಯ ಪ್ರಕಾರ 1 ಮತ್ತು 2ನೇ ತರಗತಿಯ ಮಕ್ಕಳ ಬ್ಯಾಗು ಒಂದೂವರೆಯಿಂದ ಎರಡು ಕೆ.ಜಿ. ಮೀರಬಾರದು. ಈ ತರಗತಿಗಳಿಗೆ ಹೋಂವರ್ಕ್ ಕೊಡಬಾರದು ಎಂದೂ ಅದೇ ಸುತ್ತೋಲೆ ಹೇಳಿದೆ. ನಿಮ್ಮ ಮಗುವಿನ ಬ್ಯಾಗನ್ನು ಒಮ್ಮೆ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿ. ಒಂದು ಲೀಟರ್ ನೀರೇ ಒಂದು ಕೆ.ಜಿ., ಅದರ ಮೇಲೆ ಸ್ಟೀಲ್ ಬಾಟಲಿಯ ತೂಕ ಬೇರೆ. ಶಾಲೆಯಲ್ಲಿ ಕುಡಿಯುವ ನೀರಿನ ಫಿಲ್ಟರ್ ಇದ್ದರೆ ಅರ್ಧ ಲೀಟರಿನ ಬಾಟಲಿ ಸಾಕು, ಅಲ್ಲಿಯೇ ತುಂಬಿಕೊಳ್ಳುವುದನ್ನು ಕಲಿಸಿ. ಇಷ್ಟಾದರೂ ಭಾರ ಇಳಿಯದಿದ್ದರೆ ಮುಂದಿನ ಪೋಷಕರ ಸಭೆಯಲ್ಲಿ ಧೈರ್ಯವಾಗಿ ಕೇಳಿ. ಸುತ್ತೋಲೆ ಇರುವುದೇ ಕೇಳುವುದಕ್ಕೆ.

ಹಂತ 3: ಬೆಳಗಿನ ಕೆಲಸಗಳಿಗೆ ಒಂದು ಸರದಿ

ದಿನಾ ಅದೇ ಕೆಲಸ ಅದೇ ಸರದಿಯಲ್ಲಿ ನಡೆದರೆ ಮಗುವಿಗೆ ಹೇಳುವ ಅಗತ್ಯ ಕಡಿಮೆಯಾಗುತ್ತದೆ. ಏಳುವುದು, ಹಲ್ಲುಜ್ಜುವುದು, ಸ್ನಾನ, ತಿಂಡಿ, ಶೌಚ, ಬಟ್ಟೆ. ತಿಂಡಿಯಾದ ಮೇಲೆ ಶೌಚವೇ ಎಂದು ಮನೆಯ ಹಿರಿಯರು ಆಕ್ಷೇಪಿಸಬಹುದು. ಎದ್ದ ಕೂಡಲೇ ಹೋಗುವ ರೂಢಿಯಿರುವ ಮಗು ಹಾಗೆಯೇ ಹೋಗಲಿ. ಹೋಗದ ಮಗುವಿಗೆ ಮಾತ್ರ ಈ ಸರದಿ ಬಹಳ ಅನುಕೂಲ, ಯಾಕೆಂದರೆ ಹೊಟ್ಟೆಗೆ ಆಹಾರ ಬಿದ್ದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ತಿಂಡಿ ತಿಂದು ಹತ್ತಿಪ್ಪತ್ತು ನಿಮಿಷದಲ್ಲಿ ಕೂರಿಸಿ, ಐದು ನಿಮಿಷ ಅವಸರ ಮಾಡದೆ ಬಿಡಿ. ಕಮೋಡ್ ಇದ್ದರೆ ಕಾಲು ಜೋತಾಡದಂತೆ ಕೆಳಗೊಂದು ಮಣೆ ಇಡಿ. ಮನೆಯಲ್ಲೇ ಇದು ಮುಗಿದರೆ ಶಾಲೆಯಲ್ಲಿ ಹೊಟ್ಟೆನೋವು ಎಂದು ಅಳುವುದು ಎಷ್ಟೋ ಕಡಿಮೆಯಾಗುತ್ತದೆ.

ಹಲ್ಲಿನ ಬಗ್ಗೆ ಒಂದು ಮಾತು. ಆರನೇ ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ, ದವಡೆಯ ಕೊನೆಯಲ್ಲಿ ಹೊಸದೊಂದು ದೊಡ್ಡ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಯಾವ ಹಲ್ಲೂ ಬಿದ್ದು ಆ ಜಾಗಕ್ಕೆ ಬಂದದ್ದಲ್ಲವಾದ್ದರಿಂದ ಅದೂ ಹಾಲುಹಲ್ಲೇ, ಹುಳುಕಾದರೂ ಬಿದ್ದು ಹೊಸದು ಬರುತ್ತದೆ ಎಂದುಕೊಳ್ಳುವವರೇ ಹೆಚ್ಚು. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಬ್ರಷ್ಷು ಅಲ್ಲಿಯವರೆಗೆ ಹೋಗುತ್ತಿದೆಯೇ ಎಂದು ನೀವೇ ಬಾಯಿ ತೆಗೆಸಿ ನೋಡಿ. ರಾತ್ರಿಯ ಉಜ್ಜುವಿಕೆಯನ್ನಂತೂ ಮಗುವಿನ ಕೈಗೇ ಪೂರ್ತಿ ಬಿಡಬೇಡಿ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು.

ಹಂತ 4: ಡಬ್ಬಿಯ ಪರೀಕ್ಷೆ

ಬೆಳಿಗ್ಗೆ ಟೀ, ಕಾಫಿ ಕೊಡುವುದನ್ನು ದಯವಿಟ್ಟು ಬಿಡಿ. ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಅದು ತಡೆಯುತ್ತದೆ, ರಕ್ತಹೀನತೆ ನಮ್ಮ ಮಕ್ಕಳಲ್ಲಿ ಮೊದಲೇ ಹೆಚ್ಚು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2013ರಿಂದ ಕ್ಷೀರ ಭಾಗ್ಯದ 150 ಮಿ.ಲೀ. ಹಾಲು ಸಿಗುತ್ತಿದೆ, ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟವಿದೆ. ಆದರೂ ಮನೆಯಿಂದ ಬರಿಹೊಟ್ಟೆಯಲ್ಲಿ ಕಳಿಸಬೇಡಿ. ಅರ್ಧ ರೊಟ್ಟಿಯಾದರೂ, ಒಂದು ಲೋಟ ರಾಗಿ ಅಂಬಲಿಯಾದರೂ ಹೊಟ್ಟೆಯಲ್ಲಿರಲಿ.

ಡಬ್ಬಿ ಕಟ್ಟಿಕೊಂಡು ಹೋಗುವ ಮಗುವಿಗೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಶಾಲೆಗೆ ಕೊಡುವ ಅದೇ ಡಬ್ಬಿಗೆ ತಿಂಡಿ ಹಾಕಿ, ನೆಲದ ಮೇಲೆ ಕೂರಿಸಿ, ಸಹಾಯ ಮಾಡದೆ ನೋಡಿ. ನಾಲ್ಕು ಕಡೆ ಲಾಕ್ ಇರುವ, ರಬ್ಬರ್ ಸುತ್ತಿದ ಮುಚ್ಚಳ ದೊಡ್ಡವರ ಕೈಗೇ ಬಿಗಿ. ಮಗು ಮೊದಲು ಬೆರಳಿನಿಂದ ಎಳೆಯುತ್ತದೆ, ಆಮೇಲೆ ಹಲ್ಲಿನಲ್ಲಿ ಕಚ್ಚುತ್ತದೆ, ಕೊನೆಗೆ ಡಬ್ಬಿಯನ್ನು ತೊಡೆಗೆ ಒತ್ತಿಕೊಂಡು ಒಮ್ಮೆಲೇ ಕೀಳುತ್ತದೆ, ಅರ್ಧ ಚಿತ್ರಾನ್ನ ನೆಲದ ಪಾಲು. ತರಗತಿಯಲ್ಲಿ ನಲವತ್ತು ಮಕ್ಕಳ ನಡುವೆ ಇದಾದರೆ ಮರುದಿನದಿಂದ ಅದು ಡಬ್ಬಿಯನ್ನು ತೆಗೆಯುವುದೇ ಇಲ್ಲ, ಹಸಿವಿಲ್ಲ ಎಂದುಬಿಡುತ್ತದೆ. ಒಂದೇ ಕ್ಲಿಪ್ ಇರುವ ಸ್ಟೀಲ್ ಡಬ್ಬಿ ಒಳ್ಳೆಯದು.

ಏನು ಹಾಕುತ್ತೀರಿ ಎನ್ನುವುದೂ ಇದೇ ಲೆಕ್ಕ. ಅಕ್ಕಿ ರೊಟ್ಟಿ ಎರಡು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಉಪ್ಪಿಟ್ಟು ಗಡ್ಡೆ ಕಟ್ಟುತ್ತದೆ. ಚಟ್ನಿಪುಡಿ, ತುಪ್ಪ ಸವರಿದ ಇಡ್ಲಿ, ಪಲ್ಯ ಹಾಕಿ ಸುತ್ತಿದ ಚಪಾತಿ, ಚಿಕ್ಕ ಚಿಕ್ಕ ದೋಸೆ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು ಮಗುವಿನ ಕೈಗೆ ಸುಲಭ. ಸಣ್ಣ ಬಿಡುವು ಹತ್ತು ನಿಮಿಷ, ಅಷ್ಟರಲ್ಲಿ ಮುಗಿಯುವಷ್ಟೇ ಹಾಕಿ.

ಹಂತ 5: ‘ಮಿಸ್, ಒಂದಕ್ಕೆ ಹೋಗ್ಬೇಕು’

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಕೊಡಿ. ಶಾಲೆಯ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುವ ಮಕ್ಕಳಿದ್ದಾರೆ. ತಡೆದುಕೊಳ್ಳಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅಲ್ಲಿಂದ ಮೂತ್ರದ ಸೋಂಕು, ಮಲಬದ್ಧತೆ, ತಲೆನೋವು ಒಂದೊಂದಾಗಿ ಶುರುವಾಗುತ್ತವೆ. 2019ರ ಕೊನೆಯಲ್ಲಿ ಕೇರಳವನ್ನು ನೋಡಿ ನಮ್ಮಲ್ಲೂ ನೀರಿನ ಗಂಟೆ ಬಾರಿಸುವ ಪದ್ಧತಿ ಬಂತು. ಗಂಟೆ ಹೊಡೆದರೆ ಮಕ್ಕಳು ಕುಡಿಯುತ್ತಾರೆ, ನಿಜ. ಹೋಗಲು ಹೆದರುವ ಮಗು ಆಗಲೂ ಬಾಟಲಿಗೆ ತುಟಿ ತಾಗಿಸಿ ಸುಮ್ಮನಾಗುತ್ತದೆ.

ಮೊದಲು ಕೇಳುವ ಮಾತನ್ನು ಕಲಿಸಿ. ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ, ಯಾವ ಭಾಷೆಯೇ ಇರಲಿ, ಈ ಎರಡು ಮಾತು ಮಾತ್ರ ಶಿಕ್ಷಕರಿಗೆ ತಿಳಿಯುವ ಭಾಷೆಯಲ್ಲಿ ಬರಲೇಬೇಕು: ‘ಒಂದಕ್ಕೆ ಹೋಗ್ಬೇಕು’, ‘ಎರಡಕ್ಕೆ ಹೋಗ್ಬೇಕು’. ನೀವು ಮಿಸ್ ಆಗಿ, ಮಗು ಕೈಯೆತ್ತಿ ಕೇಳಲಿ. ಒಮ್ಮೆ ‘ಸ್ವಲ್ಪ ತಾಳು’ ಎಂದು ಹೇಳಿ, ಮತ್ತೆ ಕೇಳುವುದನ್ನೂ ಅಭ್ಯಾಸ ಮಾಡಿಸಿ.

ಆಮೇಲೆ ಬಟ್ಟೆ. ಹುಕ್ಕು, ಜಿಪ್ಪು, ಬೆಲ್ಟು ಮೂರೂ ಇರುವ ಚಡ್ಡಿಯನ್ನು ಅವಸರದಲ್ಲಿ ಬಿಚ್ಚಲು ಆರು ವರ್ಷದ ಬೆರಳಿಗೆ ಆಗುವುದಿಲ್ಲ. ದರ್ಜಿಗೆ ಹೇಳಿ ಸೊಂಟಕ್ಕೆ ಎಲಾಸ್ಟಿಕ್ ಹಾಕಿಸಿ. ಯೂನಿಫಾರ್ಮ್ ತೊಡಿಸಿಯೇ ಮನೆಯಲ್ಲಿ ಬಿಚ್ಚಿ ಹಾಕಿಕೊಳ್ಳುವುದನ್ನು ರೂಢಿ ಮಾಡಿಸಿ. ಮಗ್ಗಿನಲ್ಲಿ ನೀರು ತುಂಬಿ ತಾನೇ ತೊಳೆದುಕೊಳ್ಳುವುದು, ಹೆಣ್ಣುಮಕ್ಕಳಾದರೆ ಮುಂದಿನಿಂದ ಹಿಂದಕ್ಕೆ ತೊಳೆಯುವುದು, ನೀರು ಹಾಕುವುದು, ಸೋಪು ಹಚ್ಚಿ ಇಪ್ಪತ್ತು ಎಣಿಸುವವರೆಗೆ ಕೈ ಉಜ್ಜುವುದು. ಮನೆಯಲ್ಲಿ ಕಮೋಡ್ ಮಾತ್ರ ಇದ್ದು ಶಾಲೆಯಲ್ಲಿ ನೆಲದ ಶೌಚಾಲಯವಿದ್ದರೆ ಕುಕ್ಕರುಗಾಲಲ್ಲಿ ಕೂರುವ ಅಭ್ಯಾಸವೂ ಬೇಕು. ಬ್ಯಾಗಿನ ತಳದಲ್ಲಿ ಒಂದು ಜೊತೆ ಒಳಉಡುಪು, ಒಂದು ಖಾಲಿ ಕವರು ಇಟ್ಟಿರಿ. ಬಟ್ಟೆ ಒದ್ದೆಯಾದರೆ ಮಿಸ್‌ಗೆ ಹೇಳಬಹುದು, ಯಾರೂ ಬೈಯುವುದಿಲ್ಲ ಎಂದು ಮೊದಲೇ ಹೇಳಿಟ್ಟಿರಿ.

ಸಂಜೆ ಬಾಟಲಿ ನೋಡಿ. ತುಂಬಿದ್ದು ತುಂಬಿದಂತೆಯೇ ವಾಪಸು ಬಂದರೆ ಬಾಗಿಲಿಗೆ ಚಿಲಕವಿಲ್ಲವೇ, ಕತ್ತಲೆಯೇ, ವಾಸನೆಯೇ, ದೊಡ್ಡ ಮಕ್ಕಳು ಹೆದರಿಸುತ್ತಾರೆಯೇ ಎಂದು ಮೆತ್ತಗೆ ಕೇಳಿ. ಉತ್ತರ ಸಿಕ್ಕರೆ ಶಿಕ್ಷಕರಿಗೆ ತಿಳಿಸಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಎತ್ತಿ. ಚಿಲಕ, ಬಲ್ಬು, ನಲ್ಲಿ ಇವೆಲ್ಲ ಪೋಷಕರು ಪಟ್ಟು ಹಿಡಿದರೆ ಆಗುವ ಕೆಲಸಗಳು.

ಹಂತ 6: ಸಂಜೆ ಮೊದಲು ಬಯಲು, ಆಮೇಲೆ ಮಾತು

ಬಂದ ಕೂಡಲೇ ಪುಸ್ತಕ ತೆಗೆಸಬೇಡಿ. ಕೈಕಾಲು ತೊಳೆದು, ಏನಾದರೂ ತಿಂದು, ಬಯಲಿಗೆ ಹೋಗಲಿ. ಈ ವಯಸ್ಸಿಗೆ ದಿನಕ್ಕೆ ಕನಿಷ್ಠ ಒಂದು ಗಂಟೆ ಓಡಾಟದ ಆಟ ಬೇಕು. ಹಗಲು ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದೃಷ್ಟಿ ಮಂಜಾಗುವ ತೊಂದರೆಯೂ ಕಡಿಮೆ. ಕುಂಟೆಬಿಲ್ಲೆ, ಮುಟ್ಟಾಟ, ಸೈಕಲ್ಲು, ಯಾವುದಾದರೂ ಸರಿ.

ಇವತ್ತು ಏನು ಕಲಿಸಿದರು ಎಂಬ ಪ್ರಶ್ನೆಗೆ ಬಹುಪಾಲು ಮಕ್ಕಳ ಉತ್ತರ ‘ಏನಿಲ್ಲ’. ಯಾರ ಪಕ್ಕ ಕೂತಿದ್ದೆ, ಯಾರು ಅತ್ತರು, ಬಿಸಿಯೂಟಕ್ಕೆ ಏನಿತ್ತು ಎಂದು ಕೇಳಿ ನೋಡಿ, ಮಾತು ನಿಲ್ಲುವುದಿಲ್ಲ. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಗುಂಪಾಗಿ ಕೂತು ಕಾರ್ಡುಗಳಲ್ಲಿ, ಹಾಡು ಆಟಗಳಲ್ಲಿ ಕಲಿಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಬ್ಬೊಬ್ಬ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಪಕ್ಕದ ಮನೆಯ ಮಗು ಖಾಸಗಿ ಶಾಲೆಯಲ್ಲಿ ಪುಟಗಟ್ಟಲೆ ಬರೆಯುತ್ತಿದೆ, ನಮ್ಮದು ಆಡಿಕೊಂಡಿದೆ ಎಂದು ಕಳವಳಪಡಬೇಡಿ, ಮಗುವಿನೆದುರಿಗಂತೂ ಹೇಳಬೇಡಿ. ಮಲಗುವ ಮುನ್ನ ಹತ್ತು ನಿಮಿಷ ಜೊತೆಗೆ ಕೂತು ಒಂದು ಕತೆ ಓದಿದರೆ ಮನೆಯ ಪಾಠ ಮುಗಿಯಿತು.

ಹಂತ 7: ಗೇಟಿನ ಬಳಿ

ಮೊದಲ ವಾರ ಅಳುವುದು ಸಹಜ. ಕಣ್ತಪ್ಪಿಸಿ ಹೊರಟುಬಿಡಬೇಡಿ, ಮರುದಿನ ಕೈ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ‘ಊಟ ಆಗುತ್ತೆ, ಆಮೇಲೆ ಆಟ, ಆಮೇಲೆ ಗಂಟೆ ಹೊಡೆಯುತ್ತೆ, ಆಗ ನಾನು ಇದೇ ಮರದ ಕೆಳಗೆ ನಿಂತಿರ್ತೀನಿ ಪುಟ್ಟಾ’ ಎಂದು ಹೇಳಿ ಹೊರಡಿ, ಆ ಹೊತ್ತಿಗೆ ಅಲ್ಲೇ ನಿಂತಿರಿ.

ಹಂತ 8: ಔಷಧಿ, ಲಸಿಕೆ, ರಜೆ

5ರಿಂದ 6 ವರ್ಷದೊಳಗೆ ಡಿಪಿಟಿಯ ಎರಡನೇ ಬೂಸ್ಟರ್ ಆಗಿದೆಯೇ ಎಂದು ತಾಯಿ ಕಾರ್ಡು ತೆಗೆದು ನೋಡಿ. ಜಂತುಹುಳದ ಮಾತ್ರೆಯನ್ನು ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ಶಾಲೆಯಲ್ಲೇ ಕೊಡುತ್ತಾರೆ, ಅಂದು ತಪ್ಪಿಸಬೇಡಿ. ಅದನ್ನು ಅಗಿದು ನುಂಗಬೇಕು. ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಊಟವಾದ ಮೇಲಿರಲಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯಿಂದಲೇ. ಭಾನುವಾರ ಉಗುರು ಕತ್ತರಿಸಿ, ಹೇನಿನ ಬಾಚಣಿಗೆ ಆಡಿಸಿ.

ಜ್ವರ ಬಂದರೆ, ಔಷಧಿಯಿಲ್ಲದೆಯೇ ಒಂದು ಪೂರ್ತಿ ದಿನ ಮೈ ತಣ್ಣಗಿರುವವರೆಗೆ ಶಾಲೆಗೆ ಕಳಿಸಬೇಡಿ. ಹಾಜರಾತಿ ಆಮೇಲೆ ನೋಡಿಕೊಳ್ಳೋಣ. ಶಾಲೆಯ ದಿನ ಮಾತ್ರ ಬೆಳಿಗ್ಗೆ ಹೊಟ್ಟೆನೋವು ಬಂದು ಭಾನುವಾರ ಮಾಯವಾಗುತ್ತಿದ್ದರೆ ಸುಳ್ಳು ಹೇಳುತ್ತಿದೆ ಎಂದು ಗದರಬೇಡಿ. ಅಂಜಿಕೆಯಿಂದ ಬಂದ ನೋವೂ ನೋವೇ. ಒಮ್ಮೆ ವೈದ್ಯರಿಗೆ ತೋರಿಸಿ, ಅದೇ ವಾರ ಶಾಲೆ ಬಿಟ್ಟ ಮೇಲೆ ತರಗತಿಯ ಶಿಕ್ಷಕರ ಜೊತೆ ಕೂತು ಮಾತನಾಡಿ. ಮಗು ಎಲ್ಲಿ ಕೂರುತ್ತದೆ, ಯಾರ ಜೊತೆ ಉಣ್ಣುತ್ತದೆ, ಒಂದಕ್ಕೆ ಹೋಗುತ್ತದೆಯೇ ಎಂದು ಕೇಳಿ.