ರಾಗಿಯ ಕಣಕ್ಕೆ ಕಾಂಕ್ರೀಟು ನೆಲ

ಮಾರ್ಗಶಿರ ಮಾಸವು ಕಳೆಯುವ ವೇಳೆಗೆ ತುಮಕೂರಿನಿಂದ ಗುಬ್ಬಿಯ ಕಡೆಗಾಗಲಿ ಕುಣಿಗಲ್ಲಿನ ಕಡೆಗಾಗಲಿ ಹೊರಟವರಿಗೆ, ಟಾರು ರಸ್ತೆಯ ಮೇಲೆಯೇ ರಾಗಿಯ ತೆನೆಯನ್ನು ಹರಡಿ ಹೋಗಿಬರುವ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವ ನೋಟವು ಅಪರಿಚಿತವಲ್ಲ. ಈ ಹುಲ್ಲಿನ ಮೇಲೆ ಜಾರಿ ಬಿದ್ದು ದ್ವಿಚಕ್ರ ವಾಹನದವರು ಕೈಕಾಲು ಮುರಿದುಕೊಳ್ಳುವುದುಂಟು. ಮೋಟಾರು ಗಾಡಿಗಳ ಅಡಿಭಾಗಕ್ಕೆ ಹುಲ್ಲು ಸುತ್ತಿಕೊಂಡು ಬೆಂಕಿ ಹತ್ತುವುದೂ ಉಂಟು. ಇಷ್ಟಾದ ಮೇಲೆ ಮನೆಗೆ ಬರುವ ರಾಗಿಯಲ್ಲಿ ರಸ್ತೆಯ ಕಲ್ಲುಪುಡಿಯು ಬೆರೆತಿರುತ್ತದೆ. ಒಕ್ಕಲುಮಕ್ಕಳನ್ನು ಇದಕ್ಕಾಗಿ ಬೈದು ಫಲವಿಲ್ಲ. ಮಣ್ಣಿನ ಕಣವನ್ನು ಕೆತ್ತಿ, ನೀರು ಹಾಕಿ, ರೋಣಗಲ್ಲು ಎಳೆಸಿ, ಸಗಣಿಯಿಂದ ಸಾರಿಸುವುದಕ್ಕೆ ಬೇಕಾದ ಎತ್ತುಗಳೂ ಆಳುಗಳೂ ಈಗ ಎಷ್ಟೋ ಮನೆಗಳಲ್ಲಿಲ್ಲ. ಒಕ್ಕಣೆಯ ಯಂತ್ರಗಳು ಬಂದಿರುವುದು ನಿಜ; ಆದರೆ ತೆನೆಯನ್ನು ಒಣಗಿಸುವುದಕ್ಕೂ ಕಾಳನ್ನು ತೂರಿ ಹರಡುವುದಕ್ಕೂ ನೆಲವು ಬೇಕೇ ಬೇಕು.

ಆದಕಾರಣ ಕಾಂಕ್ರೀಟಿನ ಕಣವನ್ನು ಹಾಕಿಸುವ ಜಮೀನುದಾರರು ವರ್ಷೇ ವರ್ಷೇ ಹೆಚ್ಚುತ್ತಿದ್ದಾರೆ. ಗುಬ್ಬಿ ತಾಲ್ಲೂಕಿನ ಒಂದು ಗ್ರಾಮದಲ್ಲಿ ಅಂತಹ ಕಣವೊಂದನ್ನು ನಾನು ನೋಡಿದೆನು. ಯಜಮಾನರು ಸಿಮೆಂಟಿನಲ್ಲಿ ಸ್ವಲ್ಪವೂ ಕೈ ಹಿಡಿದಿರಲಿಲ್ಲ. ಬೇಕಾದುದಕ್ಕಿಂತ ಹೆಚ್ಚಾಗಿಯೇ ಸುರಿಸಿದ್ದರು. ಎರಡನೆಯ ಸುಗ್ಗಿಗೆ ಮೇಲ್ಮೈಯು ಕೈಯಿಂದ ಉಜ್ಜಿದರೆ ಬೂದಿಯಂತೆ ಏಳುತ್ತಿದ್ದಿತು. ವಿಚಾರಿಸಲಾಗಿ, ಕಲಸುವಾಗ ಪಾಕವು ಅಂಬಲಿಯಂತೆ ಹರಿಯುವವರೆಗೂ ನೀರು ಹೊಯ್ದಿದ್ದರೆಂದೂ, ಮನೆಯಲ್ಲಿ ಮದುವೆಯ ಸಂಭ್ರಮವಿದ್ದುದರಿಂದ ಮೂರನೆಯ ದಿನಕ್ಕೇ ನೀರುಣಿಸುವುದನ್ನು ಬಿಟ್ಟಿದ್ದರೆಂದೂ ತಿಳಿಯಿತು. ನಾನು ವ್ಯವಸಾಯಶಾಸ್ತ್ರವನ್ನೋದಿದವನೇ ಹೊರತು ಇಂಜಿನಿಯರಲ್ಲ. ಆದರೆ ಬೆಳೆಗೂ ಕಾಂಕ್ರೀಟಿಗೂ ನೀರು ಯಾವಾಗ ಎಷ್ಟು ಎಂಬುದೇ ಮುಖ್ಯವಾದ್ದರಿಂದ ಈ ವಿಷಯವನ್ನು ವಿಶದಪಡಿಸಲು ಧೈರ್ಯಮಾಡಿದ್ದೇನೆ.

ನಮ್ಮ ಹಿರಿಯರು ಸುಟ್ಟ ಸುಣ್ಣಕ್ಕೆ ಇಟ್ಟಿಗೆಯ ನುಣ್ಣನೆಯ ಪುಡಿಯನ್ನು ಸೇರಿಸಿ ಅರೆದು ಗಾರೆ ಮಾಡುತ್ತಿದ್ದರು. ಈ ಸುರ್ಕಿ ಗಾರೆಯು ನೀರಿನಲ್ಲಿದ್ದಷ್ಟೂ ಗಟ್ಟಿಯಾಗತಕ್ಕದ್ದು. 1911 ರಲ್ಲಿ ಪ್ರಾರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಸಿಮೆಂಟಿಲ್ಲದೆ ಈ ಸುರ್ಕಿಯಿಂದಲೇ ಕಟ್ಟಿದರು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಅಡ್ಡಲಾಗಿರುವ ಮಾರ್ಕೋನಹಳ್ಳಿ ಜಲಾಶಯವನ್ನು ತಾವೆಲ್ಲರೂ ಕಂಡಿರುವಿರಿ. ನೀರು ಮಟ್ಟ ಮೀರಿದೊಡನೆ ತಾನೇ ಹೊರಬೀಳುವ ಅದರ ಸೈಫನ್ ತೂಬುಗಳನ್ನು ನೋಡಲು ದೂರದವರೂ ಬರುತ್ತಾರೆ. ತರುವಾಯ ಸಿಮೆಂಟಿನ ಕಾಲವು ಬಂದಿತು. 1958 ರಲ್ಲಿ ಸ್ಥಾಪಿತವಾದ ಮೈಸೂರು ಸಿಮೆಂಟ್ಸ್ ಕಂಪನಿಯು ನಮ್ಮ ಜಿಲ್ಲೆಯ ಅಮ್ಮಸಂದ್ರದಲ್ಲಿಯೇ ಕಾರ್ಖಾನೆಯನ್ನು ಕಟ್ಟಿತು.

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಪೊಜೊಲಾನಾ ಸಿಮೆಂಟು. ಮೂಟೆಯ ಮೇಲೆ ಪಿ.ಪಿ.ಸಿ. ಎಂದು ಮುದ್ರಿಸಿರುತ್ತದೆ. ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯನ್ನು ಇದರಲ್ಲಿ ನೂರಕ್ಕೆ 15 ರಿಂದ 35 ಭಾಗದವರೆಗೆ ಬೆರೆಸುತ್ತಾರೆ. ಬೂದಿ ಬೆರೆಸಿದ್ದಾರೆಂದು ಇದನ್ನು ಕಲಬೆರಕೆಯೆಂದು ತಿಳಿಯಕೂಡದು. ಹಿಂದೆ ಸುಣ್ಣದೊಡನೆ ಇಟ್ಟಿಗೆಪುಡಿಯು ಮಾಡುತ್ತಿದ್ದ ಕೆಲಸವನ್ನೇ ಈ ಬೂದಿಯು ಮಾಡುವುದು. ಆದರೆ ಸುರ್ಕಿಯಂತೆಯೇ ಇದೂ ನಿಧಾನವಾಗಿ ಬಲಿಯತಕ್ಕದ್ದು. ಹೆಚ್ಚು ದಿನ ತೇವವನ್ನು ಬಯಸತಕ್ಕದ್ದು. ಹೊಸ ಸಿಮೆಂಟು ಬೇಗ ಗಟ್ಟಿಯಾಗುವುದೆಂಬ ಭರವಸೆಯಿಂದ ಮೂರೇ ದಿನಕ್ಕೆ ನೀರು ನಿಲ್ಲಿಸುವವರು ಇಲ್ಲಿಯೇ ಮೋಸಹೋಗುವುದು.

ಕಲಸುವ ನೀರಿನ ವಿಚಾರ. ಸಿಮೆಂಟು ಗಟ್ಟಿಯಾಗುವುದಕ್ಕೆ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ನೀರನ್ನು ಮಾತ್ರ ತನ್ನಲ್ಲಿ ಸೇರಿಸಿಕೊಳ್ಳುವುದು. ಮಿಕ್ಕದ್ದು ಕಲಸುವ ಅನುಕೂಲಕ್ಕಾಗಿ. ಈ ಮಿಕ್ಕ ನೀರು ಆರಿಹೋದಾಗ ಅದು ಇದ್ದ ಜಾಗವು ಸಣ್ಣ ಸಣ್ಣ ರಂಧ್ರಗಳಾಗಿ ಉಳಿಯುವುದು. ನೀರು ಹೆಚ್ಚಿದಷ್ಟೂ ಬಲವು ಕುಗ್ಗುವುದೆಂಬ ಈ ನಿಯಮವನ್ನು ಅಮೆರಿಕಾದ ಡಫ್ ಏಬ್ರಮ್ಸ್ ಎಂಬುವರು 1918 ರಲ್ಲಿಯೇ ಪ್ರಯೋಗಗಳಿಂದ ತೋರಿಸಿಕೊಟ್ಟರು. ಕಣದ ನೆಲಕ್ಕೆ 50 ಕಿಲೋ ತೂಕದ ಒಂದು ಮೂಟೆ ಸಿಮೆಂಟಿಗೆ 30 ಲೀಟರ್ ನೀರು ಸಾಕು. ಅಂದರೆ 15 ಲೀಟರ್ ಹಿಡಿಯುವ ಎರಡು ಬಿಂದಿಗೆ. ಮರಳು ಒದ್ದೆಯಾಗಿದ್ದರೆ ಇದರಲ್ಲಿಯೂ ಕಡಮೆ ಮಾಡತಕ್ಕದ್ದು. ಇಷ್ಟರಿಂದ ಪಾಕವು ಗಟ್ಟಿಯಾಗಿರುವುದು, ಎಳೆಯಲು ಆಳುಗಳಿಗೆ ಶ್ರಮವಾಗುವುದು, ಮೇಸ್ತ್ರಿಯು ಗೊಣಗುವನು. ಯಜಮಾನನು ಅಲ್ಲಿಯೇ ನಿಂತು ಬಿಂದಿಗೆಯನ್ನು ಎಣಿಸಬೇಕಾದ ಸಮಯವು ಇದೇ. ಕಬ್ಬಿಣಕ್ಕೆಂದು ಕೆಲವರು ಕೇಳುವ ಹಣವನ್ನು ಉಳಿಸಬಹುದು. ಗಟ್ಟಿ ನೆಲದ ಮೇಲೆ ಹಾಸುವ ಕಣಕ್ಕೆ ಕಬ್ಬಿಣದ ಅವಶ್ಯಕತೆಯಿಲ್ಲ.

ಬೆಲ್ಲದ ವಿಷಯವಾಗಿ ಒಂದು ಎಚ್ಚರಿಕೆ. ಸುಣ್ಣದ ಗಾರೆಗೆ ಬೆಲ್ಲದ ನೀರನ್ನು ಹಾಕುವುದು ಹಳೆಯ ಪದ್ಧತಿ. ಅದರಿಂದ ಗಾರೆಗೆ ಗುಣವೂ ಇದ್ದಿತು. ಸಿಮೆಂಟಿಗೆ ಅದು ವಿಷ. ಆಲೆಮನೆಯಲ್ಲಿ ಬಳಸಿದ ಕೊಪ್ಪರಿಗೆ ಅಥವಾ ಪೀಪಾಯಿಯಲ್ಲಿ ನೀರು ತುಂಬಿಟ್ಟುಕೊಂಡು ಅದರಿಂದ ಕಲಸಿದರೂ ಸಾಕು, ಪಾಕವು ಎಷ್ಟೋ ಹೊತ್ತು ಹಸಿಯಾಗಿಯೇ ಉಳಿಯುವುದು.

ನದಿಯ ಮರಳು ಈಗ ದುರ್ಲಭ, ತೆಗೆಯುವುದಕ್ಕೆ ನಿರ್ಬಂಧಗಳೂ ಇವೆ. ಮಣ್ಣನ್ನು ತೊಳೆದು ಮಾರುವ ಫಿಲ್ಟರ್ ಮರಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಕೂಡದು; ಅದರಲ್ಲುಳಿದ ಜೇಡಿಯು ಸಿಮೆಂಟನ್ನು ಮರಳಿಗೆ ಅಂಟಗೊಡದು. ಬಂಡೆಯನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡು ಒಳ್ಳೆಯದೇ. ಆದರೆ ಕ್ರಷರಿನ ಧೂಳನ್ನೇ ಆ ಹೆಸರಿನಲ್ಲಿ ತಂದು ಸುರಿಯುವವರೂ ಇದ್ದಾರೆ. ನದಿಯ ಮರಳೋ ಮಣ್ಣು ತೊಳೆದ ಮರಳೋ ಎಂಬ ಸಂಶಯವಿದ್ದರೆ ಒಂದು ಗಾಜಿನ ಸೀಸೆಯಲ್ಲಿ ಅರ್ಧದಷ್ಟು ಮರಳನ್ನು ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ, ಮೂರು ಗಂಟೆಗಳ ಕಾಲ ಅಲುಗಿಸದೆ ಇಡಿರಿ. ಮೇಲೆ ನಿಂತ ಕೆಸರಿನ ಪದರವು ಮರಳಿನ ಎತ್ತರದ ಹನ್ನೆರಡರಲ್ಲೊಂದು ಭಾಗವನ್ನು ಮೀರಿದರೆ ಆ ಲೋಡನ್ನು ಹಿಂದಕ್ಕೆ ಕಳುಹಿಸಿಬಿಡಿರಿ.

30 ಅಡಿ ಉದ್ದ, 30 ಅಡಿ ಅಗಲ, ನಾಲ್ಕಂಗುಲ ದಪ್ಪದ ಕಣವು ಸಾಮಾನ್ಯ ಕುಟುಂಬಕ್ಕೆ ಸಾಕು. ಮೇಲಿನ ಸಡಿಲ ಮಣ್ಣನ್ನು ತೆಗೆದು, ಗರಸನ್ನು ನಾಲ್ಕರಿಂದ ಆರು ಅಂಗುಲ ಹರಡಿ, ನೀರು ಚಿಮುಕಿಸಿ ದಿಮ್ಮಸಿನಿಂದ ಗುದ್ದಬೇಕು. ಮಳೆಯ ನೀರು ನಿಲ್ಲದಂತೆ 30 ಅಡಿಗೆ ಮೂರೂವರೆ ಅಂಗುಲದಷ್ಟು ಇಳಿಜಾರು ಇರಲಿ. ಒಳಗೆ ಒಂದಡಿ ಉದ್ದ, ಒಂದಡಿ ಅಗಲ, 15 ಅಂಗುಲ ಎತ್ತರವಿರುವ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡರೆ ಅದು ಒಂದು ಮೂಟೆ ಸಿಮೆಂಟಿನ ಅಳತೆಗೆ ಸರಿಹೋಗುವುದು. ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಮುಕ್ಕಾಲಂಗುಲದ ಜಲ್ಲಿ. ಒಟ್ಟಿನಲ್ಲಿ 65 ರಿಂದ 70 ಮೂಟೆ ಹಿಡಿಯುವುದು. ಮೂಟೆಯ ಮೇಲಿನ ತಯಾರಿಕೆಯ ವಾರವನ್ನು ನೋಡಿ ಕೊಳ್ಳಿರಿ. ಮೂರು ತಿಂಗಳು ಕೂತ ಸಿಮೆಂಟು ತನ್ನ ಬಲದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿರುವುದು.

ಕಣವನ್ನೆಲ್ಲ ಒಂದೇ ಹಾಸಾಗಿ ಹಾಕಿದರೆ ಅದು ಒಣಗಿ ಕುಗ್ಗುವಾಗ ತನಗೆ ತೋಚಿದ ಕಡೆ ಬಿರಿಯುವುದು. ಹಲಗೆಗಳನ್ನು ಕಟ್ಟಿ ಹತ್ತಡಿಯ ಒಂಬತ್ತು ಚೌಕಗಳಾಗಿ ವಿಂಗಡಿಸಿ, ಮೊದಲು ಮೂಲೆಯ ನಾಲ್ಕನ್ನೂ ನಡುವಿನದನ್ನೂ ತುಂಬಿ, ಕೆಲವು ದಿನಗಳ ತರುವಾಯ ಉಳಿದ ನಾಲ್ಕನ್ನು ತುಂಬತಕ್ಕದ್ದು. ಸಂದುಗಳಿಗೆ ಕಡೆಯಲ್ಲಿ ಡಾಂಬರು ಬೆರೆತ ಮರಳನ್ನು ನೆಲದ ಮಟ್ಟಕ್ಕೆ ತುಂಬಿದರೆ ರಾಗಿಯು ಅಲ್ಲಿ ಸೇರಿ ನಷ್ಟವಾಗದು. ಹಾಕಿದ ಪಾಕದ ಮೇಲೆ ತಿಳಿನೀರು ಒಸರಿ ನಿಲ್ಲುವುದು. ಅದು ಇಂಗುವ ಮೊದಲೇ ಕರಣೆಯಿಂದ ಉಜ್ಜುವುದೂ, ಬೇಗ ಆರಲೆಂದು ಒಣ ಸಿಮೆಂಟನ್ನು ಎರಚುವುದೂ ಮೇಲ್ಮೈಯು ಪುಡಿಯೇಳುವುದಕ್ಕೆ ಮುಖ್ಯ ಕಾರಣಗಳು. ಅಂದಿಗೆ ಅದು ಕನ್ನಡಿಯಂತೆ ಹೊಳೆಯುವುದು, ಸುಗ್ಗಿಯಲ್ಲಿ ಗೊತ್ತಾಗುವುದು.

ಮಾರನೆಯ ಬೆಳಿಗ್ಗೆಯಿಂದ, ತೋಟದಲ್ಲಿ ಪಾತಿ ಕಟ್ಟುವಂತೆಯೇ ಚೌಕಗಳ ಅಂಚಿಗೆ ಮಣ್ಣಿನ ಬದುವನ್ನು ಕಟ್ಟಿ ಒಂದಂಗುಲ ನೀರನ್ನು ನಿಲ್ಲಿಸಬೇಕು. ಇಡೀ ಕಣಕ್ಕೆ ಸುಮಾರು 2,100 ಲೀಟರ್ ಬೇಕಾಗುವುದು, ಆರಿದಂತೆಲ್ಲ ತುಂಬಿಸುತ್ತಿರಬೇಕು. ನೀರಿಗೆ ಬಡತನವಿದ್ದ ಕಡೆ ಹಳೆಯ ಗೋಣಿತಟ್ಟು ಅಥವಾ ಹುಲ್ಲನ್ನು ಹಾಸಿ ಸದಾ ಒದ್ದೆಯಾಗಿಡಬಹುದು. ಪೊಜೊಲಾನಾ ಸಿಮೆಂಟಿಗೆ ಹತ್ತು ದಿನಗಳಿಗೆ ಕಡಮೆ ಕೂಡದು. ಹದಿನಾಲ್ಕು ದಿನಗಳಾದರೆ ಉತ್ತಮ.

ದನದ ಕೊಟ್ಟಿಗೆಗೂ ಇದೇ ಪಾಕವು ಸಲ್ಲುವುದು. ಆದರೆ ನೆಲವನ್ನು ನುಣುಪು ಮಾಡದೆ ಗೀರುಗಳನ್ನೆಳೆಯಬೇಕು, ಇಲ್ಲವಾದರೆ ಹಸುಗಳು ಜಾರುವುವು. ಅಮೋನಿಯಂ ಸಲ್ಫೇಟ್ ಗೊಬ್ಬರದ ಚೀಲಗಳನ್ನು ಕಾಂಕ್ರೀಟಿನ ಮೇಲೆ ನೇರವಾಗಿ ಒಟ್ಟಬೇಡಿರಿ. ಸೋರಿದ ಗೊಬ್ಬರವು ತೇವದೊಡನೆ ಸೇರಿ ನೆಲವನ್ನು ತಿನ್ನುವುದು.

ಕೆಲಸವು ವಿಜಯದಶಮಿಯೊಳಗೆ ಮುಗಿದರೆ ರಾಗಿಯ ಕೊಯ್ಲಿಗೆ ಮುಂಚೆ ನೆಲವು ಬಲಿಯುವುದಕ್ಕೆ ಬೇಕಾದ 28 ದಿನಗಳು ದೊರೆಯುವುವು. ಆ ಕಾಲದ ಸಂಜೆಯ ಮಳೆಗೆ ಟಾರ್ಪಾಲು ಸಿದ್ಧವಿರಲಿ. ಟ್ರ್ಯಾಕ್ಟರನ್ನು ಹತ್ತಿಸಿ ಒಕ್ಕಣೆ ಮಾಡಿಸುವ ಉದ್ದೇಶವಿದ್ದರೆ ದಪ್ಪವನ್ನು ಐದಂಗುಲಕ್ಕೆ ಏರಿಸಿರಿ, ಮತ್ತು ಆ 28 ದಿನಗಳು ತುಂಬುವವರೆಗೆ ಅದನ್ನು ಕಣದ ಹತ್ತಿರಕ್ಕೆ ಬಿಡಬೇಡಿರಿ.