ನಿಂತಂತೆ ಕಂಡ ಮೇವಿನ ಯಂತ್ರಕ್ಕೆ ಕೈ ಹಾಕಬೇಡಿ



ಕೆ.ಆರ್. ನಗರದ ಭತ್ತದ ಹುಲ್ಲಾಗಲಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಮುಸುಕಿನ ಜೋಳದ ಕಡ್ಡಿಯಾಗಲಿ, ಕತ್ತರಿಸಿ ಹಾಕಿದರೆ ಮೇವು ಹಾಳಾಗುವುದು ಕಡಿಮೆ. ಅದಕ್ಕೆ ಮೋಟಾರಿನ ಚಾಫ್ ಕಟ್ಟರ್ ಒಳ್ಳೆಯದು. ಆದರೆ ಬ್ಲೇಡಿಗೆ ಹುಲ್ಲು ಯಾವುದು, ಬೆರಳು ಯಾವುದು ಎಂದು ಗೊತ್ತಾಗದು. ಎರಡು ಹೊತ್ತಿನಲ್ಲಿ ವಿಶೇಷ ಎಚ್ಚರ ಬೇಕು.

ಮೇವು ಸಿಕ್ಕಿಕೊಂಡಾಗ: ಸ್ವಿಚ್ ಆಫ್ ಮಾಡಿದರೂ ಭಾರದ ಚಕ್ರ ಇನ್ನೂ ಸ್ವಲ್ಪ ಹೊತ್ತು ತಿರುಗುತ್ತದೆ. ಪ್ಲಗ್ ತೆಗೆದು, ಚಕ್ರ ಪೂರ್ತಿ ನಿಂತ ಮೇಲೆಯೇ ಮೇವು ಬಿಡಿಸಿ.

ಕರೆಂಟ್ ಹೋದಾಗ: ಮೊದಲು ಸ್ವಿಚ್ ಆಫ್ ಮಾಡಿ. ಇಲ್ಲವಾದರೆ ಕರೆಂಟ್ ಬಂದ ಕ್ಷಣವೇ ಯಂತ್ರ ತಿರುಗೀತು.

ಇವನ್ನೂ ಮರೆಯಬೇಡಿ:
• ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ತುರುಬು ಕಟ್ಟಿ, ಬಳೆ ತೆಗೆದಿಡಿ.
• ಕೊನೆಯ ಹಿಡಿ ಮೇವನ್ನು ಕೈಯಿಂದ ಒಳಗೆ ತಳ್ಳಬೇಡಿ. ಮುಂದಿನ ಹಿಡಿಯೇ ಅದನ್ನು ತಳ್ಳಲಿ. ಉಳಿದದ್ದನ್ನು ಯಂತ್ರ ನಿಂತ ಮೇಲೆ ತೆಗೆಯಿರಿ.
• ಚಕ್ರ, ಬೆಲ್ಟಿನ ಮುಚ್ಚಳ ಕಳಚಿ ಓಡಿಸಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.
• ಕೊಟ್ಟಿಗೆ ಕೆಲಸಕ್ಕೆ ಬ್ಯಾಟರಿ ಡ್ರಿಲ್ ಬಳಸುವವರಿಗೂ ಇದೇ ನಿಯಮ: ಬಿಟ್ ಬದಲಿಸುವ ಮುನ್ನ ಬ್ಯಾಟರಿ ತೆಗೆಯಿರಿ.

ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ, 108ಕ್ಕೆ ಕರೆ ಮಾಡಿಸಿ. ತುಂಡನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಐಸ್ ಮೇಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು.

ಡೇರಿಗೆ ಹೊತ್ತಾಯಿತೆಂಬ ಅವಸರದಲ್ಲೂ ಚಕ್ರ ನಿಲ್ಲುವವರೆಗೆ ಕಾಯಿರಿ. ನಾಳೆ ಹಾಲು ಕರೆಯಬೇಕಾದದ್ದೂ ಇದೇ ಕೈ.